ಬೇಕರಿಯವರ ರಿಚುಯಲ್ಲೂ ನನ್ನ ಹೊಟ್ಟೆಯುರಿಯೂ

ನನ್ನ ಹೊಟ್ಟೆಕಿಚ್ಚಿನ ಕಥೆಯನ್ನು ನಾನೇ ಹೇಳಿಬಿಡುವುದು ಒಳ್ಳೆಯದು. ಬೇರೆಯವರ ಬಾಯಿಂದ ಕೇಳಿದರೆ ನೀವು ಅವರ ಪಕ್ಷ ವಹಿಸುವ ಸಂಭವವಿದೆ. ಅದರಲ್ಲೂ ನನ್ನ ಅತ್ತೆಯ ಬಾಯಿಂದ ಕೇಳಿದರೆ ಮುಗಿದೇ ಹೋಯಿತು.

ನಾನು ಕನ್ನಡಕದ ಅಂಗಡಿಯವನು. ಇಪ್ಪತ್ತೆರಡು ವರ್ಷದಿಂದ ಜನರ ಮೂಗಿನ ಮೇಲೆ ಫ್ರೇಮು ಕೂರಿಸಿ, ಗಾಜು ಬದಲಾಯಿಸಿ, "ಈಗ ಚೆನ್ನಾಗಿ ಕಾಣುತ್ತಾ, ಆಗ ಚೆನ್ನಾಗಿತ್ತಾ?" ಎಂದು ಕೇಳುವುದೇ ನನ್ನ ಉದ್ಯೋಗ. (ಇದೇ ಪ್ರಶ್ನೆಯನ್ನು ಮದುವೆಯ ಬಗ್ಗೆ ಒಮ್ಮೆ ಹೆಂಡತಿಗೆ ಕೇಳಿದ್ದೆ. ಆಕೆ ಕಣ್ಣು ಮಿಟುಕಿಸದೆ "ಆಗ" ಎಂದಳು. ಆಮೇಲೆ ಮನೆಯಲ್ಲಿ ಕೇಳುವುದನ್ನು ಬಿಟ್ಟಿದ್ದೇನೆ.) ಊರಿನವರ ದೃಷ್ಟಿದೋಷವನ್ನೆಲ್ಲ ತಿದ್ದುವವನ ಮನೆಯಲ್ಲಿ ಇಂಥದ್ದು ನಡೆಯಿತಲ್ಲ, ದೀಪದ ಕೆಳಗೆ ಕತ್ತಲು ಎಂದು ಸುಮ್ಮನೆ ಹೇಳುತ್ತಾರೆಯೇ?

ನನ್ನ ಹೆಂಡತಿ ಮನೆಯಲ್ಲೇ ಕೂತು ಶಾಲೆಯ ಸಮವಸ್ತ್ರ ಹೊಲಿಯುತ್ತಾಳೆ. ಕಳೆದ ವರ್ಷ ಅವಳಿಗೆ ಹೊಸ ಹೊಲಿಗೆ ಯಂತ್ರ ಬಂತು. ಅದರ ಜೊತೆಗೆ ಬಂದ ಪುಸ್ತಕವೆಲ್ಲ ಇಂಗ್ಲಿಷು. "ಅಷ್ಟೇ ತಾನೇ, ನಾನು ಓದಿ ಹೇಳ್ತೀನಿ" ಎಂದು ಎದೆಯುಬ್ಬಿಸಿ ಮುಂದೆ ಹೋದೆ. ನಾನು ಓದಿ ಹೇಳಿದಂತೆ ಅವಳು ತಿರುಗಿಸಿದಳು. ಮೂರು ಸೂಜಿ ಮುರಿದವು. ನಾಲ್ಕನೆಯದನ್ನು ಕೈಯಲ್ಲಿ ಹಿಡಿದುಕೊಂಡು ಅವಳು ನನ್ನನ್ನೇ ನೋಡಿದ ರೀತಿ ನನಗೆ ಇಷ್ಟವಾಗಲಿಲ್ಲ. ಮರುವಾರವೇ ಗ್ರಂಥಾಲಯದ ಮಹಡಿಯ ಮೇಲೆ ನಡೆಯುವ ದೊಡ್ಡವರ ಇಂಗ್ಲಿಷ್ ತರಗತಿಗೆ ಸೇರಿಕೊಂಡಳು.

ಅಲ್ಲಿ ಪಾಠ ಹೇಳುವ ಮೇಡಂ ಕೆಲಸದಿಂದ ನಿವೃತ್ತರಾದರೂ ಪಾಠದಿಂದ ನಿವೃತ್ತರಾಗದವರು. ಅವರದೊಂದು ವಿಚಿತ್ರ ಪದ್ಧತಿ. ನೋಟ್‌ಬುಕ್ಕಿನ ಹಾಳೆಯನ್ನು ಉದ್ದಕ್ಕೆ ಮಡಚಿಸುತ್ತಾರೆ. ಎಡಗಡೆ 'ದೇವರ ಪಾಲು', ಬಲಗಡೆ 'ದಿನದ ಪಾಲು'. ಒಂದು ಪದ ದೇವರ ಮನೆಯಲ್ಲಿ ಏನು ಮಾಡುತ್ತದೆ, ಹೊರಗೆ ಬಂದರೆ ಏನು ಮಾಡುತ್ತದೆ ಎಂದು ಎರಡೂ ಕಡೆ ಬರೆಯಬೇಕು. ಸರ್ವಿಸ್ ಎಂದರೆ ಎಡಗಡೆ ಚರ್ಚಿನ ಪ್ರಾರ್ಥನೆ, ಬಲಗಡೆ ಸ್ಕೂಟರು ರಿಪೇರಿ. ಹೀಗೆ ತಿಂಗಳುಗಟ್ಟಲೆ ನಡೆದು, ಒಂದು ಭಾನುವಾರ 'ರಿಚುಯಲ್' ಎಂಬ ಪದ ನಮ್ಮ ಮನೆಗೆ ಬಂತು. ಬರುವಾಗ ಬೆಂಕಿಪೆಟ್ಟಿಗೆಯನ್ನೂ ತಂದಿತ್ತೆಂದು ನನಗೇನು ಗೊತ್ತು?

"ದೇವರ ಪಾಲು ಸುಲಭ ರೀ" ಎಂದಳು ಊಟಕ್ಕೆ ಬಡಿಸುತ್ತ. "ದೀಪ ಹಚ್ಚೋದು, ಗಂಟೆ ಹೊಡೆಯೋದು, ಅದೇ ಮಾತು ಅದೇ ಕ್ರಮದಲ್ಲಿ ಹೇಳೋದು. ಯಾವ ಧರ್ಮ ಆದ್ರೂ ಅಷ್ಟೇ. ದಿನದ ಪಾಲೇ ಕಷ್ಟ. ದೇವರೂ ಇಲ್ಲ, ಮಂತ್ರಾನೂ ಇಲ್ಲ, ಆದ್ರೂ ಮನುಷ್ಯ ದಿನಾ ತಪ್ಪದೆ ಅದನ್ನೇ ಮಾಡ್ತಾನೆ. ಮಾಡ್ತಿದೀನಿ ಅಂತ ಅವನಿಗೇ ಗೊತ್ತಿರಲ್ಲ."

"ನಿಮ್ಮಪ್ಪ ದಿನಾ ತಪ್ಪದೆ ನನ್ನ ಅಡುಗೇಲಿ ಉಪ್ಪು ಕಮ್ಮಿ ಅಂತಿದ್ರು" ಎಂದರು ಅತ್ತೆ. "ಅದಕ್ಕೆ ಇಂಗ್ಲಿಷಲ್ಲಿ ಹೆಸರು ಬೇರೆ ಇದೆಯಾ?"

(ಅತ್ತೆ ನಮ್ಮ ಜೊತೆಯೇ ಇದ್ದಾರೆ. ಎರಡು ವರ್ಷದ ಹಿಂದೆ ಕಣ್ಣಿನ ಪೊರೆ ತೆಗೆಸಿ, ನಾನೇ ಒಳ್ಳೆಯ ಕನ್ನಡಕ ಹಾಕಿಕೊಟ್ಟೆ. ನನ್ನ ಜೀವನದ ದೊಡ್ಡ ತಪ್ಪುಗಳಲ್ಲಿ ಅದೂ ಒಂದು. ಈಗ ಅವರಿಗೆ ಎಲ್ಲವೂ ಕಾಣುತ್ತದೆ.)

ಮಂಗಳವಾರ ತರಗತಿ ಮುಗಿಸಿ ಬಂದ ಹೆಂಡತಿಯ ಕೈಯಲ್ಲಿ ಒಂದು ಪೊಟ್ಟಣ ಬಿಸಿ ಬನ್ನು, ಮುಖದಲ್ಲಿ ಒಂದು ಬಗೆಯ ಬೆಳಕು. ಎರಡೂ ಒಂದೇ ಕಡೆಯಿಂದ ಬಂದಿದ್ದವು. ನಮ್ಮ ಬೀದಿಯ ಕೊನೆಯ ಬೇಕರಿಯವರೂ ಅವಳ ತರಗತಿಯಲ್ಲೇ ಇದ್ದಾರೆ.

"ರೀ, ಬೇಕರಿಯವರು ಇವತ್ತು ಎಷ್ಟು ಚೆನ್ನಾಗಿ ಹೇಳಿದ್ರು ಗೊತ್ತಾ? ಬೆಳಗ್ಗೆ ಒಲೆ ಬಾಗಿಲು ತೆಗೆಯೋಕ್ಕೆ ಮುಂಚೆ ಎರಡು ಸಲ ತಟ್ತಾರಂತೆ."

"ಯಾಕೆ, ಒಳಗೆ ಯಾರಾದ್ರೂ ಇರ್ತಾರಾ?"

"ಅದೇ ರೀ ಅವರ ರಿಚುಯಲ್ಲು! ಎಷ್ಟು ಶ್ರದ್ಧೆ ನೋಡಿ."

"ನಾನೂ ದಿನಾ ಅಂಗಡಿ ಶಟರ್ ಎತ್ತೋಕ್ಕೆ ಮುಂಚೆ ಎರಡು ಸಲ ಒದೀತೀನಿ."

"ಅದು ತುಕ್ಕು" ಎಂದು ಹೇಳಿ ಅವಳು ಒಳಗೆ ಹೋದಳು.

ಅವಳು ಟೀ ಕಾಯಿಸುವಷ್ಟರಲ್ಲಿ ನೋಟ್‌ಬುಕ್ಕು ಮೇಜಿನ ಮೇಲಿತ್ತು. ನಾನು ಕದ್ದು ನೋಡುವ ಜಾತಿಯವನಲ್ಲ. ಗಾಳಿಗೆ ಹಾಳೆ ತಿರುಗಿತು, ಗಾಳಿ ಸಾಲದಿದ್ದಾಗ ನಾನು ಸ್ವಲ್ಪ ನೆರವಾದೆ. ಎಡಗಡೆ ತುಂಬಿತ್ತು, ಬಲಗಡೆ ಖಾಲಿ. ಮೇಲೆ ಹೋಮ್‌ವರ್ಕನ್ನು ಕನ್ನಡದಲ್ಲೇ ಬರೆದುಕೊಂಡಿದ್ದಳು: 'ಒಬ್ಬ ಮನುಷ್ಯನನ್ನು ಆರಿಸಿಕೊಂಡು ಒಂದು ವಾರ ಗಮನಿಸಿ. ಅವರ ರಿಚುಯಲ್ ಯಾವುದು? ಗಮನಿಸುತ್ತಿರುವುದು ಅವರಿಗೆ ತಿಳಿಯಬಾರದು. ತಿಳಿದರೆ ಅದು ಕೆಡುತ್ತದೆ. ಭಾನುವಾರ ಎಲ್ಲರ ಮುಂದೆ ಓದಬೇಕು.'

ಆರಿಸಿಕೊಂಡವರು ಯಾರೆಂದು ಬರೆದಿರಲಿಲ್ಲ. ಬರೆಯುವ ಅಗತ್ಯವೇನಿತ್ತು? ಬನ್ನಿನ ಪೊಟ್ಟಣ ಪಕ್ಕದಲ್ಲೇ ಬೆಚ್ಚಗೆ ಕೂತಿತ್ತು.

ನೇರವಾಗಿ ಹೇಳುತ್ತೇನೆ, ನನಗೆ ಹೊಟ್ಟೆ ಉರಿಯಿತು. ಬೇಕರಿಯವರು ಕೆಟ್ಟವರಲ್ಲ. ಹಿಟ್ಟು ಹತ್ತಿದ ಹುಬ್ಬು, ಮೆತ್ತನೆ ಮಾತು, ಕಂಡರೆ ನಮಸ್ಕಾರ ಹೇಳುವ ಸಭ್ಯತೆ. ಕೆಟ್ಟವರಾಗಿದ್ದರೆ ಬೈದು ಹಗುರಾಗಬಹುದಿತ್ತು. ಹತ್ತೊಂಬತ್ತು ವರ್ಷ ಒಂದೇ ಸೂರಿನಡಿ ಎದ್ದು ಕೂತು ಓಡಾಡಿದ ಗಂಡನಿಗೆ ಒಂದು ವಾರದ ಹೋಮ್‌ವರ್ಕಿಗಾದರೂ ಆಯ್ಕೆಯಾಗುವ ಯೋಗ್ಯತೆ ಇಲ್ಲವೇ? ನನ್ನಲ್ಲಿ ನೋಡುವಂಥದ್ದು ಏನೂ ಉಳಿದಿಲ್ಲವೇ? ಅಂದು ಆ ಬನ್ನನ್ನು ನಾನು ಮುಟ್ಟಲಿಲ್ಲ. (ಒಂದು ತಿಂದೆ. ಬಿಸಿಯಾಗಿತ್ತು.)

ಆಗ ನನ್ನ ಮಿದುಳಿನಲ್ಲಿ ಆ ಮಹಾ ಯೋಜನೆ ಉದಯಿಸಿತು. ಅವಳ ಕಣ್ಣು ನನ್ನ ಮೇಲೆ ಬೀಳಬೇಕಾದರೆ ಬೀಳುವಂಥದ್ದನ್ನು ನಾನು ಮಾಡಬೇಕು. ಬೇಕರಿಯವರು ಎರಡು ಸಲ ತಟ್ಟಿದರೆ ನಾನು ಮೂರು ಸಲ ತಟ್ಟುವವನು.

ಬುಧವಾರ ಬೆಳಗ್ಗೆ ಟೀ ಬಂತು. ಲೋಟವನ್ನು ಮೇಜಿನ ಮೇಲೆ ನಿಧಾನವಾಗಿ ಮೂರು ಸುತ್ತು ತಿರುಗಿಸಿದೆ. ಅಂಗಡಿಯಲ್ಲಿ ಗಾಜು ಪರೀಕ್ಷಿಸುವ ಹಾಗೆ ಅದನ್ನು ಕಣ್ಣಿನ ಮಟ್ಟಕ್ಕೆತ್ತಿ, ಕಿಟಕಿಯ ಬೆಳಕಿಗೆ ಹಿಡಿದು, ಗಂಭೀರವಾಗಿ "ಹ್ಞಾಂ" ಎಂದೆ. ಹೆಂಡತಿ ಯಂತ್ರ ತುಳಿಯುವುದನ್ನು ನಿಲ್ಲಿಸಿದಳು. ಬಿತ್ತು ಕಣ್ಣು ಎಂದುಕೊಂಡೆ.

"ಏನು ಬಿದ್ದಿದೆ ರೀ ಟೀಲಿ?"

"ಏನೂ ಇಲ್ಲ. ನಾನು ದಿನಾ ಹೀಗೇ ಅಲ್ವಾ?"

"ಕೊಡಿ ಇಲ್ಲಿ, ಇನ್ನೊಂದು ಸಲ ಸೋಸ್ತೀನಿ."

ಗುರುವಾರ ಯೋಜನೆಯನ್ನು ವಿಸ್ತರಿಸಿದೆ. ಹೊರಡುವಾಗ ಹೊಸ್ತಿಲ ಬಳಿ ನಿಂತು, ಬಲಗಾಲು ಮುಂದಿಟ್ಟು, ಹಿಂದೆ ತೆಗೆದು, ಬಾಗಿಲ ಚೌಕಟ್ಟನ್ನು ಮೇಲೆ, ನಡುವೆ, ಕೆಳಗೆ ಎಂದು ಮೂರು ಕಡೆ ಮುಟ್ಟಿದೆ. ಕಡೆಗಣ್ಣಿನಿಂದ ಹಿಂದಕ್ಕೆ ನೋಡಿದರೆ ಹೆಂಡತಿ ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ನನ್ನನ್ನೇ ನೋಡುತ್ತಿದ್ದಾಳೆ. ಅವಳ ಹುಬ್ಬು ಗಂಟಿಕ್ಕಿತ್ತು. ತನ್ಮಯತೆ ಎಂದುಕೊಂಡೆ.

"ಅಳಿಯಂದಿರೇ, ಬಾಗಿಲಿಗೆ ಗೆದ್ದಲು ಹಿಡಿದಿದೆಯಾ?" ಎಂದರು ಅತ್ತೆ.

"ಇಲ್ಲ ಅತ್ತೆ, ಅಭ್ಯಾಸ."

"ಯಾರ ಅಭ್ಯಾಸ? ನಿನ್ನೆವರೆಗೂ ಬಾಗಿಲು ಹಾಕ್ಕೊಂಡು ಹೋಗೋದನ್ನೇ ಮರೀತಿದ್ರಿ."

ಅದೇ ಸಂಜೆ ಮನೆಯ ಚಪ್ಪಲಿಗಳನ್ನೆಲ್ಲ ಅಳತೆಯ ಪ್ರಕಾರ ಸಾಲಾಗಿ ಜೋಡಿಸುವ ವಿಧಿಯನ್ನೂ ಆರಂಭಿಸಿದೆ. ಚಿಕ್ಕವು ಕಪಾಟಿನ ಕೈಗೆಟುಕದ ಮೇಲಿನ ಹಲಗೆಗೆ ಹೋದವು. ಚಿಕ್ಕವು ಅತ್ತೆಯವು. ಶುಕ್ರವಾರ ಬೆಳಗ್ಗೆ ಅವರು ಬರಿಗಾಲಲ್ಲೇ ಹೊರಗೆ ಹೋಗಿ ಬಂದು ನನ್ನ ಬಗ್ಗೆ ಆಡಿದ ಮಾತುಗಳು ಎಡಗಡೆಯ ಪಾಲಿಗೂ ಸೇರುವಂಥವಲ್ಲ, ಬಲಗಡೆಗೂ ಅಲ್ಲ.

ಆದರೂ ಹೆಂಡತಿ ಏನನ್ನೋ ಬರೆಯುತ್ತಿದ್ದಳು. ನೋಟ್‌ಬುಕ್ಕಿನಲ್ಲಲ್ಲ, ಬೇರೊಂದು ಹಾಳೆಯಲ್ಲಿ. ನನ್ನನ್ನು ನೋಡುತ್ತಾಳೆ, ನಿಟ್ಟುಸಿರು ಬಿಡುತ್ತಾಳೆ, ಎರಡು ಪದ ಬರೆದು ಮಡಚಿಡುತ್ತಾಳೆ. ಬೇಕರಿ ಮುಳುಗುತ್ತಿದೆ, ಕನ್ನಡಕ ಗೆಲ್ಲುತ್ತಿದೆ ಎಂದು ನನಗೆ ಖಾತ್ರಿಯಾಯಿತು. ಗೆಲ್ಲುವ ಕುದುರೆಗೆ ಇನ್ನೊಂದು ಚಾಟಿ ಬೇಕಿರಲಿಲ್ಲ. ನಾನು ಕೊಟ್ಟೆ.

ಶುಕ್ರವಾರ ಸಂಜೆ ಕನ್ನಡಕಗಳ ಮಹಾಸ್ನಾನ ಏರ್ಪಡಿಸಿದೆ. ಮನೆಯಲ್ಲಿದ್ದ ಕನ್ನಡಕಗಳನ್ನೆಲ್ಲ ಒಟ್ಟುಮಾಡಿದೆ. ನನ್ನವು ಎರಡು, ಹೆಂಡತಿ ಹೊಲಿಯುವಾಗ ಹಾಕುವುದು ಒಂದು, ಅತ್ತೆಯವು ಹತ್ತಿರದ್ದೊಂದು ದೂರದ್ದೊಂದು. ಬೇಸಿನ್ನಿನಲ್ಲಿ ನೀರು, ಹೆಗಲ ಮೇಲೆ ಬಿಳಿ ಟವೆಲು, ಅರೆಮುಚ್ಚಿದ ಕಣ್ಣು. ಒಂದೊಂದನ್ನೇ ಎರಡು ಕೈಯಲ್ಲಿ ಎತ್ತಿ ಮೇಲಿನಿಂದ ನೀರಿಗೆ ಬಿಟ್ಟೆ. ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ನೋಡಲಿ ಎಂದು ಇನ್ನೂ ನಿಧಾನ ಮಾಡಿದೆ. ಆ ಸಂಭ್ರಮದಲ್ಲಿ ನೀರು ಎಷ್ಟು ಬಿಸಿಯಿದೆ ಎಂದು ನೋಡುವುದನ್ನೇ ಮರೆತಿದ್ದೆ. ಅದು ಅತ್ತೆಯ ಸ್ನಾನಕ್ಕೆಂದು ಕುದಿಸಿಟ್ಟ ನೀರು.

ನನ್ನ ಅಂಗಡಿಯ ಗೋಡೆಯ ಮೇಲೆ ಕೆಂಪು ಅಕ್ಷರದಲ್ಲಿ ಒಂದು ಬೋರ್ಡಿದೆ: 'ಕನ್ನಡಕಕ್ಕೆ ಬಿಸಿ ನೀರು ತಾಗಿಸಬೇಡಿ.' ಬರೆಸಿದವನು ನಾನೇ. ಇಪ್ಪತ್ತೆರಡು ವರ್ಷದಿಂದ ಗಿರಾಕಿಗಳಿಗೆ ಇದನ್ನೇ ಬೋಧಿಸಿದ್ದೇನೆ. ಹೊರತೆಗೆದಾಗ ಐದರಲ್ಲಿ ನಾಲ್ಕರ ಗಾಜಿನ ಮೇಲ್ಪದರ ಬಿರುಕು ಬಿಟ್ಟು ಮಂಜು ಕವಿದಂತಾಗಿತ್ತು. ಐದನೆಯದು, ಅತ್ತೆಯ ಹತ್ತಿರದ ಕನ್ನಡಕ, ನಮಸ್ಕಾರ ಮಾಡುವವರ ಹಾಗೆ ನಡು ಬಗ್ಗಿಸಿತ್ತು. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ್ದೆ.

ಆ ಸಂಜೆ ಅತ್ತೆ ಸಕ್ಕರೆಯೆಂದು ಉಪ್ಪು ಹಾಕಿಕೊಂಡು ಟೀ ಕುಡಿದರು. ಒಂದು ಗುಟುಕಿಗೆ ನಿಲ್ಲಿಸಿ, ನಾನಿದ್ದೇನೆಂದು ಅವರಿಗೆ ತೋರಿದ ದಿಕ್ಕಿಗೆ (ಅಲ್ಲಿ ಕಪಾಟಿತ್ತು) ತಿರುಗಿ ನಾಲ್ಕು ಮಾತು ಹೇಳಿದರು. ಆದರೆ ಹೆಂಡತಿ ಬೈಯಲಿಲ್ಲ. ಹತ್ತಿರ ಬಂದು ನನ್ನ ಹಣೆ ಮುಟ್ಟಿ ನೋಡಿದಳು. ಅವಳ ಕಣ್ಣಲ್ಲಿ ನೀರಿತ್ತು.

"ಏನಾಗ್ತಿದೆ ರೀ ನಿಮಗೆ? ಮೂರು ದಿನದಿಂದ ನೀವು ನೀವಾಗಿಲ್ಲ. ತಲೆ ಸುತ್ತುತ್ತಾ? ನಮ್ಮ ತರಗತಿ ನರ್ಸಮ್ಮನ್ನ ಕರೆದು ಬಿ.ಪಿ. ನೋಡಿಸ್ಲಾ?"

"ನಾನು ಎಂದಿನ ಹಾಗೇ ಇದೀನಿ. ನೀನು ಗಮನಿಸಿಲ್ಲ ಅಷ್ಟೇ" ಎಂದೆ, ಅರ್ಥಗರ್ಭಿತವಾಗಿ.

ಅವಳು ಹಾಳೆ ತೆಗೆದು ಒಂದು ಸಾಲು ಬರೆದಳು.

ಶನಿವಾರ ಬೆಳಗ್ಗೆ ಆರು ಗಂಟೆಗೆ ಅವಳೇ ಚೀಲ ಹಿಡಿದು ಬ್ರೆಡ್ಡು ತರಲು ಹೊರಟಳು. ಬ್ರೆಡ್ಡು ತರುವುದು ಹತ್ತೊಂಬತ್ತು ವರ್ಷದಿಂದ ನನ್ನ ಕೆಲಸ. ಒಂದು ಬ್ರೆಡ್ಡಿಗೆ ಮುಕ್ಕಾಲು ಗಂಟೆ ಹಿಡಿಯಿತು. ಭಾನುವಾರ ಬೆಳಗ್ಗೆಯೂ ಹೋದಳು. ನಾನು ಕಿಟಕಿಯಲ್ಲಿ ನಿಂತು ನಿಮಿಷ ಎಣಿಸಿದೆ. ಮಂಜು ಹಿಡಿದ ಕನ್ನಡಕದಲ್ಲಿ ಗಡಿಯಾರವೂ ಸರಿಯಾಗಿ ಕಾಣಲಿಲ್ಲ.

ಆದರೂ ಭಾನುವಾರ ಸಂಜೆ "ಮನೆಯವರನ್ನೂ ಕರ್ಕೊಂಡು ಬನ್ನಿ ಅಂದಿದಾರೆ ಮೇಡಂ, ಬರ್ತೀರಾ?" ಎಂದು ಅವಳು ಕೇಳಿದಾಗ ನನ್ನ ಆಸೆ ಮತ್ತೆ ಚಿಗುರಿತು. ನನ್ನದನ್ನು ಓದದೆ ನನ್ನನ್ನೇಕೆ ಕರೆದಾಳು? ಇಸ್ತ್ರಿ ಅಂಗಿ ಹಾಕಿದೆ. ಚಪ್ಪಾಳೆ ತಟ್ಟಿದಾಗ ಎದ್ದು ನಿಲ್ಲಬೇಕೋ, ಕೂತಲ್ಲೇ ಕೈ ಮುಗಿದರೆ ಸಾಕೋ ಎಂದು ದಾರಿಯುದ್ದಕ್ಕೂ ಯೋಚಿಸಿದೆ.

ಗ್ರಂಥಾಲಯದ ಮಹಡಿಯಲ್ಲಿ ಮೂವತ್ತು ಕುರ್ಚಿ, ಒಂದು ಕಪ್ಪು ಹಲಗೆ. ನನ್ನ ಹೆಂಡತಿ ಎದ್ದು ನಿಂತು, ಗಂಟಲು ಸರಿಮಾಡಿಕೊಂಡು, ಮೊದಲು ಇಂಗ್ಲಿಷಿನಲ್ಲಿ, ಆಮೇಲೆ ಮನೆಯವರಿಗೆ ತಿಳಿಯಲೆಂದು ಕನ್ನಡದಲ್ಲಿ ಓದಿದಳು.

"ಬೇಕರಿಯವರು ಒಲೆಯ ಬಾಗಿಲನ್ನು ಎರಡು ಸಲ ತಟ್ಟುತ್ತಾರೆ. ಅದು ಅವರಿಗೆ ಗೊತ್ತಿದೆ. ಆದರೆ ದಿನದ ಮೊದಲ ಬ್ರೆಡ್ಡನ್ನು ಯಾರಿಗೇ ಕೊಡಲಿ, ಕೊಡುವ ಮುಂಚೆ ಅವರು ಮೂಲೆಯಲ್ಲಿರುವ ಖಾಲಿ ಸ್ಟೂಲಿನ ಕಡೆ ಒಂದು ಸಲ ನೋಡುತ್ತಾರೆ. ಅವರ ತಂದೆ ಕೂರುತ್ತಿದ್ದ ಸ್ಟೂಲು ಅದು. ಸರಿಯಾಗಿ ಬೆಂದಿದೆಯಾ ಎಂದು ಕೇಳುವ ಹಾಗೆ ನೋಡುತ್ತಾರೆ. ಇದು ಅವರಿಗೆ ಗೊತ್ತಿಲ್ಲ."

ಬೇಕರಿಯವರು ಹಿಟ್ಟಿನ ಕೈಯಲ್ಲೇ ಕಣ್ಣೊರೆಸಿಕೊಂಡರು. ಆಮೇಲೆ ಎದ್ದ ಚಪ್ಪಾಳೆಗೆ ಕಿಟಕಿಯ ಗಾಜು ಅಲುಗಿತು. ನಾನೂ ತಟ್ಟಿದೆ. ಚೆನ್ನಾಗಿ ಬರೆದಿದ್ದಳು ಎಂಬುದೇ ನನ್ನ ಹೊಟ್ಟೆಗೆ ಬಿದ್ದ ಇನ್ನೊಂದು ಕೆಂಡ.

ಮನೆಗೆ ಬರುವ ದಾರಿಯಲ್ಲಿ ಕಟ್ಟೆ ಒಡೆಯಿತು.

"ಅವರ ಸ್ಟೂಲು ಕಂಡಿತು ನಿನಗೆ. ಮನೇಲಿ ಒಬ್ಬ ಗಂಡ ಇದಾನೆ, ಅವನು ಕಾಣಲಿಲ್ಲ. ಲೋಟ ತಿರುಗಿಸಿದೆ, ಬಾಗಿಲು ಮುಟ್ಟಿದೆ, ಚಪ್ಪಲಿ ಜೋಡಿಸಿದೆ, ಐದು ಕನ್ನಡಕ ಬಲಿ ಕೊಟ್ಟೆ! ಇನ್ನೇನು ಮಾಡ್ಬೇಕಿತ್ತು ಕಣೇ ನಾನು?"

ಅವಳು ಬೀದಿಯ ನಡುವೆಯೇ ನಿಂತುಬಿಟ್ಟಳು.

"ನೋಟ್‌ಬುಕ್ಕು ನೋಡಿದ್ರಾ?"

"ಗಾಳಿಗೆ..."

"ಅಯ್ಯೋ ದೇವರೇ! ನಿಮಗೆ ಮೈ ಸರಿಯಿಲ್ಲ ಅಂತ ನಾನು ಹೆದರಿ ಸತ್ತೆ. ನಾನು ಆರಿಸಿದ್ದೇ ನಿಮ್ಮನ್ನ ಕಣ್ರೀ!"

ಪರ್ಸಿನಿಂದ ಮಡಚಿದ ಹಾಳೆ ತೆಗೆದಳು. ಸೋಮವಾರದ ಸಾಲುಗಳ ಮೇಲೂ ಮಂಗಳವಾರದ ಸಾಲುಗಳ ಮೇಲೂ ಅಂಗೈ ಅಡ್ಡವಿಟ್ಟು, ಕೆಳಗಿನದನ್ನು ಮಾತ್ರ ತೋರಿಸಿದಳು. 'ಬುಧವಾರ: ಇವತ್ತು ಮಾಡಲಿಲ್ಲ. ಲೋಟ ತಿರುಗಿಸಿದರು. ಗುರುವಾರ: ಇವತ್ತೂ ಮಾಡಲಿಲ್ಲ. ಬಾಗಿಲು ಮುಟ್ಟಿದರು. ಶುಕ್ರವಾರ: ಮಾಡಲೇ ಇಲ್ಲ. ಹಣೆ ತಣ್ಣಗಿದೆ. ಭಯವಾಗುತ್ತಿದೆ.'

"ಆಮೇಲೆ ಮೇಡಂಗೆ ಹೇಳಿ ಬೇಕರಿಯವರನ್ನ ಹಿಡಿದೆ. ಎರಡೇ ದಿನದಲ್ಲಿ ಮುಗಿಸಿದೆ."

"ನನ್ನ ರಿಚುಯಲ್ ಯಾವುದು? ಕೈ ತೆಗಿ, ಓದ್ತೀನಿ."

"ಹೇಳಲ್ಲ."

"ನನ್ನದನ್ನ ನನಗೇ ಹೇಳಲ್ವಾ?"

"ಹತ್ತೊಂಬತ್ತು ವರ್ಷ ದಿನಾ ಮಾಡಿದೀರಿ. ನಾನು ದಿನಾ ಅದಕ್ಕೆ ಕಾದಿದೀನಿ. ಹೇಳಿದ್ರೆ ನಾಳೆಯಿಂದ ಲೋಟದ ಹಾಗೆ ಮಾಡೋಕೆ ಶುರು ಮಾಡ್ತೀರಿ. ನನಗೆ ಆ ನಾಟಕ ಬೇಡ. ನಿಮ್ಮದನ್ನೇ ಓದೋ ಹಾಗಿದ್ದಿದ್ರೆ ಇವತ್ತು ನಿಮ್ಮನ್ನ ಕರೆಯುತ್ತಲೇ ಇರಲಿಲ್ಲ." ಹಾಳೆ ಪರ್ಸಿಗೆ ಹೋಯಿತು, ಜಿಪ್ಪು ಸರ್ರೆಂದಿತು.

ಸೋಮವಾರ ಬೇಕರಿಯವರು ಅಂಗಡಿಗೆ ಬಂದರು. ಓದುವ ಕನ್ನಡಕ ಬೇಕಿತ್ತಂತೆ. ಮುಖ ಸಪ್ಪಗಿತ್ತು.

"ಸಾರ್, ನಿಮ್ಮ ಮನೆಯವರು ಬರೆದದ್ದು ಬಂಗಾರ. ಆದ್ರೆ ಈಗ ಮೊದಲನೇ ಬ್ರೆಡ್ಡು ಕೊಡೋವಾಗ ಆ ಸ್ಟೂಲಿನ ಕಡೆ ತಿರುಗೋಕೆ ಹೋದ್ರೆ ನಾಚಿಕೆ ಆಗುತ್ತೆ. ಇವತ್ತು ಕತ್ತೇ ಉಳುಕಿತು. ನಿಮಗೆ ಹೇಳದೇ ಇದ್ದದ್ದು ಒಳ್ಳೇದಾಯ್ತು ನೋಡಿ."

"ನನ್ನದು ನಿಮಗೆ ಗೊತ್ತಾ?" ಕೈಯಲ್ಲಿದ್ದ ಫ್ರೇಮನ್ನು ಕೆಳಗಿಟ್ಟೆ.

"ಮಂಗಳವಾರ ಎಲ್ಲರೂ ತಮ್ಮದು, ತಾವು ಆರಿಸಿಕೊಂಡವರದ್ದು ಹೇಳಿದ್ವಲ್ಲ ಸಾರ್. ಇಡೀ ತರಗತಿಗೆ ಗೊತ್ತು. ನರ್ಸಮ್ಮ ಅತ್ತೇಬಿಟ್ರು."

"ಯಾವುದು ಹೇಳಿ!"

"ಮೇಡಂ ಆಣೆ ಹಾಕಿಸಿದಾರೆ" ಎಂದು ಬೇಕರಿಯವರು ಕೈ ಮುಗಿದರು. ಅವರು ನಗುತ್ತಿದ್ದರು. ಆ ನಗುವನ್ನು ಮರೆಯಲು ನನ್ನಿಂದ ಇನ್ನೂ ಆಗಿಲ್ಲ.

ಅಲ್ಲಿಂದ ಹತ್ತು ದಿನ ನನ್ನ ಪಾಡು ಯಾವ ಗಂಡನಿಗೂ ಬೇಡ. ಕೆಮ್ಮುವ ಮುಂಚೆ ಇದೇ ಇರಬಹುದೇ ಎಂದು ಯೋಚಿಸಿ ಕೆಮ್ಮು ಮರೆತುಹೋಗುತ್ತಿತ್ತು. ಹತ್ತನೆಯ ಬೆಳಗ್ಗೆ ಅಂಗಡಿಯ ಬೀಗದ ಕೈ ಕಾಣೆಯಾಗಿ, ಹೊತ್ತಾಗಿ, ರಿಚುಯಲ್ಲು ಗಿಚುಯಲ್ಲು ಎಲ್ಲ ಮರೆತು ಗಡಿಬಿಡಿಯಲ್ಲಿ ಹೊರಟೆ. ಮೆಟ್ಟಿಲಿಳಿದು ಬೀದಿಗೆ ಕಾಲಿಟ್ಟಿದ್ದೆ, ಒಳಗಿನಿಂದ ಹೆಂಡತಿಯ ಮಾತು ಕೇಳಿಸಿತು.

"ಅಮ್ಮಾ, ಇವತ್ತು ಮಾಡಿದ್ರು!"

"ನೋಡಿದೆ ಕಣೇ. ಹೊಸ ಕನ್ನಡಕದಲ್ಲಿ ಚೆನ್ನಾಗಿ ಕಾಣಿಸ್ತು" ಎಂದರು ಅತ್ತೆ.

ಬೀದಿಯ ನಡುವೆ ಕಂಬದಂತೆ ನಿಂತೆ. ಕಳೆದ ಹತ್ತು ನಿಮಿಷದಲ್ಲಿ ನಾನೇನು ಮಾಡಿದೆ? ಬೆರಳು ಮಡಚಿ ಲೆಕ್ಕ ಹಾಕಿದೆ. ಟವೆಲು ಕೊಡವಿದ್ದು, ತಣ್ಣಗಾದ ಟೀ ನಿಂತೇ ಕುಡಿದದ್ದು, ಯಂತ್ರದ ಬಳಿ ಬಿದ್ದ ದಾರದುಂಡೆ ಎತ್ತಿಟ್ಟದ್ದು, ಅವಳ ಕನ್ನಡಕ ತೆಗೆದು ನನ್ನ ಅಂಗಿಯ ತುದಿಯಲ್ಲಿ ಒರೆಸಿ ಮತ್ತೆ ಅಲ್ಲೇ ಇಟ್ಟದ್ದು, ಕ್ಯಾಲೆಂಡರು ನೋಡಿದ್ದು, ಅತ್ತೆಗೆ ಬರ್ತೀನಿ ಎಂದದ್ದು, ಜೇಬು ತಡಕಿದ್ದು, ಬೀಗದ ಕೈಗೆ ಬೈದದ್ದು, ಬಾಗಿಲು ಹಾಕದೆ ಬಂದದ್ದು, ಮರಳಿ ಹೋಗಿ ಹಾಕಿದ್ದು, ಮೆಟ್ಟಿಲಲ್ಲಿ ಸೀನಿದ್ದು. ಒಟ್ಟು ಹನ್ನೊಂದು.

ಅಂದಿನಿಂದ ಹನ್ನೊಂದನ್ನೂ ತಪ್ಪದೆ ಮಾಡುತ್ತಿದ್ದೇನೆ, ಅದೇ ಕ್ರಮದಲ್ಲಿ. ಯಾವುದನ್ನೂ ಬಿಡುವ ಧೈರ್ಯವಿಲ್ಲ. ಸೀನು ಬರದಿದ್ದರೆ ಮೆಟ್ಟಿಲಲ್ಲಿ ನಿಂತು ಸೂರ್ಯನ ಕಡೆ ನೋಡುತ್ತೇನೆ. ಇಷ್ಟೆಲ್ಲ ಮುಗಿಸಿ ಅಂಗಡಿ ತೆರೆಯುವಷ್ಟರಲ್ಲಿ ದಿನಾ ಅರ್ಧ ಗಂಟೆ ತಡ.

ನಿನ್ನೆ ಬೇಕರಿಯವರು ತಮ್ಮ ಕನ್ನಡಕಕ್ಕಾಗಿ ಶಟರಿನ ಮುಂದೆ ಕಾಯುತ್ತ ಕೂತಿದ್ದರು. ನಾನು ಬೆವರೊರೆಸಿಕೊಳ್ಳುತ್ತ ಬಂದು, ಎರಡು ಸಲ ಒದ್ದು ಶಟರು ಎತ್ತಿ, ತಡವಾದದ್ದಕ್ಕೆ ಕಾರಣವನ್ನೂ ಹೇಳಿದೆ. ಅವರು ಹನ್ನೊಂದನ್ನೂ ಸಾವಧಾನವಾಗಿ ಕೇಳಿಸಿಕೊಂಡರು.

"ಇಷ್ಟೆಲ್ಲ ಯಾಕೆ ಸಾರ್ ಒದ್ದಾಡ್ತೀರಿ?" ಎಂದರು ಕನಿಕರದಿಂದ. "ಅದೊಂದು ಮಾಡಿ ಬಂದಿದ್ರೆ ಸಾಕಿತ್ತು."